ವಿಳಂಬ ಹುಟ್ಟುವ ದಿನ: ರಕ್ಷಣಾ ಉದ್ಯಮದ ಪ್ರಸ್ತಾವ ಮತ್ತು ಕರಾರು

(ಬೆಂಗಳೂರಿನ ಕುಮಾರಸ್ವಾಮಿ ಲೇಔಟ್‌ನಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ದತ್ತಿ ಉಪನ್ಯಾಸವೆಂದರೆ ಸಾಹಿತ್ಯವೋ ಸಂಗೀತವೋ ಶಾಸನವೋ ವಿಷಯವಾಗಿರುವುದು ವಾಡಿಕೆ. ಟೆಂಡರು, ಕೊಟೇಶನ್ನು, ಕರಾರಿನ ಬಗ್ಗೆ ಮಾತಾಡುತ್ತೇನೆ ಎಂದಾಗ ಸಂಘಟಕರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೇಳೋರಿಗೆ ನಿದ್ದೆ ಬರದ ಹಾಗೆ ನೋಡ್ಕೊಳ್ಳಿ ಸಾರ್” ಎಂದು ಒಪ್ಪಿಕೊಂಡರು. ಆ ಷರತ್ತಿಗೆ ನಾನೂ ಒಪ್ಪಿದ್ದೇನೆ.

ಈ ವಿಷಯ ನಮ್ಮ ಬಡಾವಣೆಗೆ ದೂರದ್ದಲ್ಲ. ಪಕ್ಕದಲ್ಲೇ ಇಸ್ರೋ ಲೇಔಟ್ ಇದೆ. ಶಾವಿಗೆ ಮಲ್ಲೇಶ್ವರ ಗುಡ್ಡದ ಮೇಲೆ ದಯಾನಂದ ಸಾಗರ್ ಕಾಲೇಜುಗಳಿವೆ. ಎಚ್‌ಎಎಲ್ ಊರಿನ ಪೂರ್ವಕ್ಕಿದೆ, ಬಿಇಎಲ್ ಉತ್ತರದ ಜಾಲಹಳ್ಳಿಯಲ್ಲಿದೆ, ಬಿಡಿಭಾಗ ಮಾಡುವ ಸಣ್ಣ ವರ್ಕ್‌ಶಾಪುಗಳು ಪೀಣ್ಯದಲ್ಲಿವೆ. ಆದರೆ ಅಲ್ಲೆಲ್ಲ ದುಡಿದು ನಿವೃತ್ತರಾದವರು ಬನಶಂಕರಿ, ಜೆ.ಪಿ. ನಗರ, ಕುಮಾರಸ್ವಾಮಿ ಲೇಔಟ್‌ಗಳಲ್ಲಿ ಮನೆ ಕಟ್ಟಿಕೊಂಡಿದ್ದಾರೆ. ವಿಮಾನದ ರೆಕ್ಕೆ, ರೇಡಾರ್‌ನ ಆಂಟೆನಾ ಮಾಡಿದವರ ಬಗ್ಗೆ ನಾವು ಹೆಮ್ಮೆಯಿಂದ ಮಾತಾಡುತ್ತೇವೆ. ಆ ರೆಕ್ಕೆಗೆ, ಆ ಆಂಟೆನಾಗೆ ಆರ್ಡರು ತಂದವರು ಯಾರು, ಯಾವ ಮಾತು ಕೊಟ್ಟು ತಂದರು ಎಂಬುದನ್ನು ಯಾರೂ ಕೇಳುವುದಿಲ್ಲ. ಸೇನೆಗೆ ಎಲೆಕ್ಟ್ರಾನಿಕ್ ಉಪಕರಣ ಮಾಡಿಕೊಡುವ ಕಂಪನಿಯ ಕಮರ್ಷಿಯಲ್ ವಿಭಾಗದಲ್ಲಿ ನಾನು ದುಡಿದೆ. ಬಿಡ್ ಸಿದ್ಧಪಡಿಸುವುದು, ಕರಾರಿಗೆ ಸಹಿ ಮಾಡಿಸುವುದು, ಅದು ಮುಗಿಯುವವರೆಗೂ ಅದರ ಹಿಂದೆ ಓಡುವುದು ನನ್ನ ಕಸುಬು. ಇಂದು ಅದರ ಒಂದೇ ಒಂದು ಎಳೆಯನ್ನು ಹಿಡಿದು ಮಾತಾಡುತ್ತೇನೆ. ಆ ಎಳೆಯ ಹೆಸರು ತಾರೀಖು.

2025ರ ಮೇ 29ರಂದು ದೆಹಲಿಯಲ್ಲಿ ಭಾರತೀಯ ಕೈಗಾರಿಕಾ ಒಕ್ಕೂಟದ ಸಮಾವೇಶ ನಡೆಯಿತು. ವಾಯುಪಡೆಯ ಮುಖ್ಯಸ್ಥ ಏರ್ ಚೀಫ್ ಮಾರ್ಷಲ್ ಎ.ಪಿ. ಸಿಂಗ್ ಅಲ್ಲಿ ಮಾತಾಡುತ್ತ, ಹೇಳಿದ ಸಮಯಕ್ಕೆ ಮುಗಿದ ಒಂದೇ ಒಂದು ಯೋಜನೆಯೂ ತಮಗೆ ನೆನಪಾಗುತ್ತಿಲ್ಲ ಎಂದರು. ಪತ್ರಿಕೆಗಳು ಆ ಮಾತನ್ನು ದೊಡ್ಡದಾಗಿ ಅಚ್ಚು ಹಾಕಿದವು. ನಮ್ಮಂಥವರಿಗೆ ನಾಟಿದ್ದು ಅವರ ಮುಂದಿನ ಮಾತು. ಕರಾರಿಗೆ ಸಹಿ ಹಾಕುವ ಹೊತ್ತಿಗೇ ಇದು ಆ ವೇಳೆಗೆ ಬರುವುದಿಲ್ಲ ಎಂದು ಕೆಲವೊಮ್ಮೆ ಖಾತ್ರಿಯಿರುತ್ತದೆ, ಆದರೂ ಸಹಿ ಹಾಕುತ್ತೇವೆ ಎಂಬ ಅರ್ಥದಲ್ಲಿ ಅವರು ಹೇಳಿದರು. ಮೊದಲ ಮಾತು ಕಾರ್ಖಾನೆಯ ಮೇಲಿನ ದೂರು. ಎರಡನೆಯದು ಕಾಗದದ ಮೇಲಿನ ದೂರು. ಅದು ಕೊಂಡವರ ಕಡೆಗೂ ಬೆರಳು ತೋರಿಸುತ್ತದೆ, ಕೊಟ್ಟವರ ಕಡೆಗೂ ತೋರಿಸುತ್ತದೆ.

ನನ್ನ ವಾದವೂ ಅದೇ ಜಾಡಿನದು. ನಮ್ಮ ರಕ್ಷಣಾ ಯೋಜನೆಗಳ ವಿಳಂಬದಲ್ಲಿ ದೊಡ್ಡ ಪಾಲು ಕಾರ್ಖಾನೆಯಲ್ಲಿ ಹುಟ್ಟುವುದಿಲ್ಲ. ಪ್ರಸ್ತಾವ ಬರೆಯುವ ಕೋಣೆಯಲ್ಲಿ, ಆಗದ ತಾರೀಖನ್ನು ಆಗುತ್ತದೆಂದು ಬರೆದ ದಿನವೇ ಅದು ಹುಟ್ಟುತ್ತದೆ. ಹಾಗೆ ಬರೆಯದೆ ಬೇರೆ ದಾರಿಯಿಲ್ಲದಂತೆ ನಮ್ಮ ಪದ್ಧತಿ ಕೂತಿದೆ.

ಒಂದು ಆರ್ಡರು ಹುಟ್ಟುವ ಬಗೆ

ಸೇನೆಗೆ ಏನಾದರೂ ಬೇಕೆನಿಸಿದರೆ ಅಂಗಡಿಗೆ ಹೋಗಿ ತರುವಂತಿಲ್ಲ. ದೊಡ್ಡ ಬಂಡವಾಳ ಖರೀದಿಗೆ 2020ರ ಅಕ್ಟೋಬರ್ 1ರಂದು ಜಾರಿಗೆ ಬಂದ ರಕ್ಷಣಾ ಸ್ವಾಧೀನ ಕಾರ್ಯವಿಧಾನವಿದೆ. ನಾವು ಅದನ್ನು ‘ಡಿಎಪಿ’ ಎನ್ನುತ್ತೇವೆ. ಮೊದಲು ಮಾಹಿತಿ ಕೋರಿಕೆ, ಆಮೇಲೆ ವಸ್ತುವಿನಲ್ಲಿ ಸೇನೆ ಬಯಸುವ ಗುಣಲಕ್ಷಣಗಳ ಪಟ್ಟಿ, ರಕ್ಷಣಾ ಸಚಿವರ ನೇತೃತ್ವದ ಮಂಡಳಿಯಿಂದ ‘ಅಗತ್ಯವಿದೆ’ ಎಂಬ ಒಪ್ಪಿಗೆ. ಅದಾದ ಮೇಲೆ ಬರುವುದು ಆರ್‌ಎಫ್‌ಪಿ, ಅಂದರೆ ಪ್ರಸ್ತಾವ ಕೊಡಿ ಎಂಬ ಆಹ್ವಾನ. ನೂರಾರು ಪುಟದ ಪುಸ್ತಕವೇ ಅದು. ಕಂಪನಿಗಳು ತಾಂತ್ರಿಕ ಬಿಡ್ಡನ್ನೂ ಬೆಲೆಯ ಬಿಡ್ಡನ್ನೂ ಬೇರೆ ಬೇರೆಯಾಗಿ ಕೊಡುತ್ತವೆ. ತಾಂತ್ರಿಕ ಸಮಿತಿ ಓದಿ, ಮೈದಾನದಲ್ಲಿ ಪರೀಕ್ಷೆ ನಡೆದು, ಪಾಸಾದವರ ಬೆಲೆಯ ಬಿಡ್ಡನ್ನು ಮಾತ್ರ ತೆರೆಯುತ್ತಾರೆ. ಕಡಿಮೆ ಬೆಲೆಯವರು ‘ಎಲ್-1’. ಅವರನ್ನು ಮಾತುಕತೆ ಸಮಿತಿ ಕರೆಯುತ್ತದೆ. ಕೊನೆಗೆ ಕರಾರು.

ಆ ಕರಾರಿನಲ್ಲಿ ಕೊಳ್ಳುವವರ ಹೆಸರು ಯಾವುದೋ ಇಲಾಖೆಯದಲ್ಲ. ಸಂವಿಧಾನದ 299ನೇ ವಿಧಿಯ ಪ್ರಕಾರ ಕೇಂದ್ರ ಸರ್ಕಾರದ ಕರಾರುಗಳೆಲ್ಲ ರಾಷ್ಟ್ರಪತಿಯವರ ಹೆಸರಿನಲ್ಲಿ ನಡೆಯುತ್ತವೆ. ಅದೇ ವಿಧಿ ರಾಷ್ಟ್ರಪತಿಯವರಾಗಲಿ, ಅವರ ಪರವಾಗಿ ಸಹಿ ಮಾಡಿದ ಅಧಿಕಾರಿಯಾಗಲಿ ವೈಯಕ್ತಿಕವಾಗಿ ಹೊಣೆಯಲ್ಲ ಎಂದೂ ಹೇಳುತ್ತದೆ. ಇದು ನ್ಯಾಯವೇ. ಆದರೂ ತಾರೀಖಿಗೆ ಸಹಿ ಹಾಕಿದ ಕೈ ಯಾವುದು ಎಂದು ಹುಡುಕಹೊರಟರೆ ಎರಡೂ ಕಡೆ ಸಿಗುವುದು ಹುದ್ದೆಗಳೇ. ಮಾಲು ಬರುವ ಹೊತ್ತಿಗೆ ಆ ಹುದ್ದೆಯಲ್ಲಿದ್ದವರು ವರ್ಗವಾಗಿರುತ್ತಾರೆ, ಇಲ್ಲವೇ ನಿವೃತ್ತರಾಗಿ ನಿಮ್ಮ ಪಕ್ಕದ ಕುರ್ಚಿಯಲ್ಲಿ ಕೂತಿರುತ್ತಾರೆ.

ಇಷ್ಟು ಬಿಗಿಯಾದ ಪದ್ಧತಿ ಸುಮ್ಮನೆ ಹುಟ್ಟಲಿಲ್ಲ. 1986ರ ಬೊಫೋರ್ಸ್ ಫಿರಂಗಿ ಕರಾರು, ಆಮೇಲೆದ್ದ ಲಂಚದ ಆರೋಪ, ಅದು ರಾಜಕಾರಣದಲ್ಲಿ ಎಬ್ಬಿಸಿದ ಬಿರುಗಾಳಿ ಹಿರಿಯರಿಗೆಲ್ಲ ನೆನಪಿದೆ. ಆಮೇಲೆ ಖರೀದಿ ಕಡತ ಮುಟ್ಟುವುದೆಂದರೆ ಅಧಿಕಾರಿಗಳಿಗೆ ಅಂಜಿಕೆ. ಬೆಲೆ ಮಾತ್ರ ಲೆಕ್ಕಕ್ಕೆ ಸಿಗುವ ವಸ್ತು. ‘ಕಡಿಮೆ ಬೆಲೆಯವನಿಗೆ ಕೊಟ್ಟೆ’ ಎಂದರೆ ಆಡಿಟ್‌ನವರೂ ಕೇಳುವುದಿಲ್ಲ, ವಿಜಿಲೆನ್ಸ್‌ನವರೂ ಕೇಳುವುದಿಲ್ಲ. ‘ಇವನು ಹೇಳಿದ ತಾರೀಖು ನಂಬುವಂತಿತ್ತು, ಅದಕ್ಕೇ ಕೊಟ್ಟೆ’ ಎಂದು ಕಡತದಲ್ಲಿ ಬರೆಯುವ ಧೈರ್ಯ ಯಾರಿಗಿದೆ?

ಎರಡು ಎಂಜಿನ್‌ಗಳ ಕತೆ

ತಾರೀಖು ಯಾರ ಕೈಯಲ್ಲಿರುತ್ತದೆ ಎಂಬುದಕ್ಕೆ ಬೆಂಗಳೂರಿನಷ್ಟು ಒಳ್ಳೆಯ ಪಾಠಶಾಲೆ ಬೇರೆಯಿಲ್ಲ.

1940ರ ಡಿಸೆಂಬರ್ 23ರಂದು ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆಗೂಡಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು, ಅಂದರೆ ಇಂದಿನ ಎಚ್‌ಎಎಲ್ ಅನ್ನು, ನೋಂದಾಯಿಸಿದರು. 1941ರ ಆಗಸ್ಟ್‌ನಲ್ಲಿ ಅಲ್ಲಿಂದ ಹಾರ್ಲೊ ತರಬೇತಿ ವಿಮಾನ ಹಾರಿತು. ಎಂಟೇ ತಿಂಗಳು! ಇದನ್ನು ಕೇಳಿದವರು ‘ಆಗ ಆಗುತ್ತಿತ್ತು, ಈಗೇಕೆ ಆಗುವುದಿಲ್ಲ’ ಎಂದು ನಿಟ್ಟುಸಿರು ಬಿಡುತ್ತಾರೆ. ಆ ವಿಮಾನದ ವಿನ್ಯಾಸ ಅಮೆರಿಕದ್ದು, ಅಲ್ಲಿ ಮೊದಲೇ ಹಾರಿದ್ದು. ಇಲ್ಲಿ ನಡೆದದ್ದು ಮುಖ್ಯವಾಗಿ ಜೋಡಣೆ. ಕೈಯಲ್ಲಿ ನಕ್ಷೆಯೂ ಬಿಡಿಭಾಗವೂ ಇದ್ದಾಗ ತಾರೀಖು ನಮ್ಮ ಮಾತು ಕೇಳುತ್ತದೆ.

1956ರಲ್ಲಿ ಜರ್ಮನಿಯ ವಿನ್ಯಾಸಕ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದರು. ಅವರ ತಂಡವೂ ನಮ್ಮವರೂ ಕೂಡಿ ಮಾಡಿದ ಎಚ್‌ಎಫ್-24 ಮಾರುತ್ 1961ರ ಜೂನ್ 17ರಂದು ಹಾರಿತು. ವಿಮಾನದ ಮೈಕಟ್ಟು ಶಬ್ದವೇಗ ಮೀರಲೆಂದೇ ಮಾಡಿದ್ದು. ಅದು ಆತುಕೊಂಡದ್ದು ಬ್ರಿಟನ್ನಿನ ಬ್ರಿಸ್ಟಲ್ ಕಂಪನಿ ರೂಪಿಸುತ್ತಿದ್ದ ಆರ್ಫಿಯಸ್-12 ಎಂಜಿನ್ನನ್ನು. ಆ ಎಂಜಿನ್ನಿನ ಮೇಲೆ ಅಲ್ಲಿನವರ ಆಸಕ್ತಿ ಹೋಯಿತು. ಉಳಿದ ಅಭಿವೃದ್ಧಿಯ ಖರ್ಚನ್ನು ತಾನೇ ಹೊರಲು ಭಾರತವೂ ಒಪ್ಪಲಿಲ್ಲ. ಕಡೆಗೆ ಶಕ್ತಿ ಕಡಿಮೆಯ ಆರ್ಫಿಯಸ್-703 ಹಾಕಬೇಕಾಯಿತು. 147 ಮಾರುತ್‌ಗಳು ತಯಾರಾದವು, 1971ರ ಯುದ್ಧದಲ್ಲಿ ಚೆನ್ನಾಗಿಯೇ ಕಾದಿದವು. ಆದರೆ ಯಾವ ವೇಗಕ್ಕಾಗಿ ಹುಟ್ಟಿತ್ತೋ ಆ ವೇಗ ಅದಕ್ಕೆ ದಕ್ಕಲೇ ಇಲ್ಲ. ವಿನ್ಯಾಸಕರು ಸೋತರು ಎಂದು ನಾವು ಇಂದಿಗೂ ಹೇಳುತ್ತೇವೆ. ಸೋತದ್ದು ಎಂಜಿನ್ನಿನ ಕರಾರು.

ಅರವತ್ತು ವರ್ಷ ಮುಂದಕ್ಕೆ ಬನ್ನಿ. 2021ರ ಫೆಬ್ರುವರಿ 3ರಂದು ಯಲಹಂಕದ ಏರೋ ಇಂಡಿಯಾದಲ್ಲಿ 73 ಮಾರ್ಕ್-1ಎ, 10 ತರಬೇತಿ ವಿಮಾನ ಸೇರಿ 83 ತೇಜಸ್ ವಿಮಾನಗಳಿಗಾಗಿ ಎಚ್‌ಎಎಲ್ ಜೊತೆಗಿನ ಕರಾರಿಗೆ ಸಹಿ ಬಿತ್ತು. ಮೊತ್ತ ಸುಮಾರು 48,000 ಕೋಟಿ ರೂಪಾಯಿ. ಮೂರು ವರ್ಷದಲ್ಲಿ ವಿಮಾನ ಕೊಡಲು ಶುರು ಮಾಡಬೇಕು. ಆ ವಿಮಾನಗಳಿಗೆ ಬೇಕಾದ 99 ಎಫ್-404 ಎಂಜಿನ್‌ಗಳಿಗಾಗಿ ಜಿಇ ಕಂಪನಿಯ ಜೊತೆ 5,375 ಕೋಟಿಯ ಕರಾರು ಆದದ್ದು ಅದೇ ವರ್ಷದ ಆಗಸ್ಟ್‌ನಲ್ಲಿ. ಮಾತುಕತೆ ಮೊದಲೇ ನಡೆದಿರುತ್ತದೆ, ಒಪ್ಪುತ್ತೇನೆ. ಆದರೆ ಕಸುಬಿನವರ ಕಣ್ಣಿಗೆ ಬೀಳುವುದು ಈ ಆರು ತಿಂಗಳ ಅಂತರ. ವಿಮಾನದ ತಾರೀಖಿಗೆ ಸಹಿ ಬಿದ್ದಾಗ ಎಂಜಿನ್ನಿನ ತಾರೀಖಿಗೆ ಇನ್ನೂ ಸಹಿ ಬಿದ್ದಿರಲಿಲ್ಲ. ಜಿಇ ಈ ಎಂಜಿನ್ನಿನ ಉತ್ಪಾದನಾ ಸಾಲನ್ನು ಐದು ವರ್ಷ ನಿಲ್ಲಿಸಿತ್ತು. ಮತ್ತೆ ಚಾಲೂ ಮಾಡಬೇಕು, ಬಿಡಿಭಾಗ ಕೊಡುತ್ತಿದ್ದವರನ್ನು ಮತ್ತೆ ಒಟ್ಟುಗೂಡಿಸಬೇಕು, ನಡುವೆ ಕೊರೊನಾದ ಏಟು ಬೇರೆ. ಮೊದಲ ಉತ್ಪಾದನಾ ವಿಮಾನ 2024ರ ಮಾರ್ಚ್ 28ರಂದು ಬೆಂಗಳೂರಿನಲ್ಲಿ ಹಾರಿತು, ಆದರೆ ಈ ಆರ್ಡರಿನದಲ್ಲದ ಎಂಜಿನ್ ಹಾಕಿಕೊಂಡು. ಆರ್ಡರಿನ ಮೊದಲ ಎಂಜಿನ್ ಕೈಗೆ ಬಂದದ್ದು 2025ರ ಮಾರ್ಚ್ ಕೊನೆಗೆ. ವಿಳಂಬಕ್ಕೆ ಎಂಜಿನ್ ಒಂದೇ ಕಾರಣವಲ್ಲ, ಶಸ್ತ್ರಗಳ ಜೋಡಣೆ, ಪ್ರಮಾಣೀಕರಣವೂ ಇದ್ದವು. ಆದರೂ ಎಂಜಿನ್ನಿಲ್ಲದ ವಿಮಾನವನ್ನು ಯಾವ ಪಾಳಿಯಲ್ಲಿ ದುಡಿದರೂ ಹಾರಿಸಲಾಗದು.

ಈ ಕತೆಗೆ ಒಂದು ಸಮಾಧಾನದ ಬಾಲವಿದೆ. 2025ರ ಸೆಪ್ಟೆಂಬರ್ 25ರಂದು ಇನ್ನೂ 97 ಮಾರ್ಕ್-1ಎಗಳಿಗೆ ತೆರಿಗೆ ಬಿಟ್ಟು 62,370 ಕೋಟಿಯ ಕರಾರಾಯಿತು. ಅದಕ್ಕೆ ಬೇಕಾದ 113 ಎಂಜಿನ್‌ಗಳ ಕರಾರು ನವೆಂಬರ್ 7ರಂದು ಆಯಿತು. ಆರು ತಿಂಗಳ ಅಂತರ ಆರು ವಾರಕ್ಕೆ ಇಳಿಯಿತು. ಯಾರೋ ಪಾಠ ಕಲಿತಿದ್ದಾರೆ ಎಂದು ಭಾವಿಸಲು ಅಡ್ಡಿಯಿಲ್ಲ.

ಹದಿನೇಳು ಹನ್ನೆರಡಾಗುವ ಕೋಣೆ

ದೊಡ್ಡ ವಿಮಾನದ ಮಾತು ಸಾಕು. ಒಂದು ಸಣ್ಣ ಪೆಟ್ಟಿಗೆಯ ಮಾತಿಗೆ ಬರೋಣ. ಸೇನೆಯ ವಾಹನಕ್ಕೆ ಅಳವಡಿಸುವ ರೇಡಿಯೊ ಪೆಟ್ಟಿಗೆ ಎಂದುಕೊಳ್ಳಿ. ಇದು ಯಾವ ಕಂಪನಿಯದೂ ಅಲ್ಲ, ಆದರೆ ಎಲ್ಲ ಕಂಪನಿಗಳಲ್ಲೂ ನಡೆಯುವುದು ಹೀಗೇ. ಆರ್‌ಎಫ್‌ಪಿಯಲ್ಲಿ ‘ಕರಾರಾದ 12 ತಿಂಗಳಲ್ಲಿ ಪೂರೈಸಬೇಕು’ ಎಂದಿದೆ.

ವಿನ್ಯಾಸ ವಿಭಾಗದವರು ಒಂದು ಹಾಳೆ ತರುತ್ತಾರೆ. ನಕ್ಷೆ ಮುಗಿಸಿ ಕೊಳ್ಳುವವರಿಂದ ಒಪ್ಪಿಗೆ ಪಡೆಯಲು 3 ತಿಂಗಳು. ಬಿಡಿಭಾಗಕ್ಕೆ 6, ಏಕೆಂದರೆ ಕೆಲವು ಚಿಪ್ಪುಗಳಿಗೆ ಹೊರದೇಶದ ರಫ್ತು ಪರವಾನಗಿ ಬೇಕು, ಅದಕ್ಕೆ ಅಂತಿಮ ಬಳಕೆದಾರರ ಪ್ರಮಾಣಪತ್ರ ಬೇಕು. ಜೋಡಣೆಗೆ 2. ಪರಿಸರ ಪರೀಕ್ಷೆಗೆ 2. ಸೇನೆಯ ಎಲೆಕ್ಟ್ರಾನಿಕ್ ಉಪಕರಣಗಳಿಗೆ ‘ಜೆಎಸ್ಎಸ್ 55555’ ಎಂಬ ಮಾನದಂಡವಿದೆ. ಕಾವು, ಚಳಿ, ಧೂಳು, ಮಳೆ, ಉಪ್ಪಿನ ಮಂಜು, ಕುಲುಕಾಟ ಎಲ್ಲವನ್ನೂ ಪೆಟ್ಟಿಗೆ ತಾಳಬೇಕು. ಒಂದರಲ್ಲಿ ಫೇಲಾದರೆ ಸರಿಪಡಿಸಿ ಮತ್ತೆ ಪರೀಕ್ಷೆ, ಅದಕ್ಕೆ 2. ಗುಣಮಟ್ಟ ತಪಾಸಣೆ ಮುಗಿಸಿ ರವಾನೆಗೆ 2. ಒಟ್ಟು 17 ತಿಂಗಳು.

ಆಗ ಮಾರ್ಕೆಟಿಂಗ್‌ನವರು ಬಾಯಿ ತೆರೆಯುತ್ತಾರೆ.

“ಹದಿನೇಳು ಹಾಕಿದ್ರೆ ಬಿಡ್ ಡೋರ್ ದಾಟಲ್ಲ. ಟೆಕ್ನಿಕಲ್‌ನಲ್ಲೇ ರಿಜೆಕ್ಟ್.”

“ನಕ್ಷೆ ಒಪ್ಪಿಗೆ ಆಗೋ ಮುಂಚೆನೇ ಚಿಪ್ ಆರ್ಡರ್ ಮಾಡಿ, ಎರಡು ತಿಂಗಳು ಉಳೀತು.”

“ಟೆಸ್ಟ್ ಮೊದಲನೇ ಸಲನೇ ಪಾಸ್ ಅಂತ ಹಾಕಿ. ಇನ್ನೆರಡು ಉಳೀತು.”

“ತಪಾಸಣೆಗೆ ಒಂದು ತಿಂಗಳು ಸಾಕಲ್ವಾ?”

ಹದಿನೇಳು ಹನ್ನೆರಡಾಯಿತು. ಇಷ್ಟು ಹೊತ್ತಿನಲ್ಲಿ ಯಾರೂ ಒಂದು ಸುಳ್ಳನ್ನೂ ಹೇಳಲಿಲ್ಲ, ಗಮನಿಸಿ. ಪ್ರತಿಯೊಂದು ಕಡಿತವೂ ಬಿಡಿಯಾಗಿ ಸಾಧ್ಯವೇ. ಎಲ್ಲವೂ ಒಟ್ಟಿಗೆ ಕೂಡಿಬರುವುದು ಮಾತ್ರ ದೇವರ ದಯೆ. ಆಮೇಲೆ ಆ ಹನ್ನೆರಡು ‘ಕಂಪ್ಲೈಯನ್ಸ್’ ಪಟ್ಟಿಗೆ ಹೋಗುತ್ತದೆ. ಆರ್‌ಎಫ್‌ಪಿಯ ಒಂದೊಂದು ಷರತ್ತಿನ ಎದುರಿಗೂ ‘ಕಂಪ್ಲೈಡ್’ ಎಂದು ಬರೆಯುವ ಪಟ್ಟಿಯದು. ನೂರಾರು ಸಾಲು. ಕಾವಿನ ಮಿತಿಯ ಎದುರು ಕಂಪ್ಲೈಡ್, ತೂಕದ ಎದುರು ಕಂಪ್ಲೈಡ್, ಅವಧಿಯ ಎದುರೂ ಕಂಪ್ಲೈಡ್. ಕಾವಿನ ಎದುರಿನ ಮಾತಿಗೆ ಪರೀಕ್ಷಾ ವರದಿ ಕೇಳುತ್ತಾರೆ. ತೂಕದ ಎದುರಿನ ಮಾತಿಗೆ ನಕ್ಷೆ ಕೇಳುತ್ತಾರೆ. ಅವಧಿಯ ಎದುರಿನ ಮಾತಿಗೆ ಆಧಾರವೇನೆಂದು ಯಾರೂ ಕೇಳುವುದಿಲ್ಲ. ಇಡೀ ಪಟ್ಟಿಯಲ್ಲಿ ಸಾಕ್ಷಿಯಿಲ್ಲದೆ ಪಾಸಾಗುವ ಸಾಲು ಅದೊಂದೇ.

ಏಕೆ ಹೀಗೆ ಬರೆಯುತ್ತಾರೆ ಎಂಬುದಕ್ಕೆ ಲೆಕ್ಕ ಸರಳ. ತಡವಾದರೆ ದಂಡ ಸಾಮಾನ್ಯವಾಗಿ ವಾರಕ್ಕೆ ಅರ್ಧ ಶೇಕಡ. ನಾವು ‘ಎಲ್‌ಡಿ’ ಎನ್ನುತ್ತೇವೆ. ಅದಕ್ಕೊಂದು ಮೇಲ್ಮಿತಿ ಇರುತ್ತದೆ, ಶೇ. 5 ಅಥವಾ 10. ನಿಜವಾದ ಹದಿನೇಳನ್ನು ಬರೆದವನು ಕಳೆದುಕೊಳ್ಳುವುದು ಇಡೀ ಆರ್ಡರು. ಹನ್ನೆರಡು ಬರೆದು ತಡ ಮಾಡಿದವನು ಕಳೆದುಕೊಳ್ಳುವುದು ಹೆಚ್ಚೆಂದರೆ ಹತ್ತರಲ್ಲೊಂದು ಭಾಗ. ನಿಜಕ್ಕೆ ನೂರು ರೂಪಾಯಿ ದಂಡ, ಆಸೆಯ ಮಾತಿಗೆ ಹತ್ತು ರೂಪಾಯಿ ದಂಡ ಎಂದು ನಾವೇ ನಿಯಮ ಮಾಡಿಟ್ಟು, ಆಮೇಲೆ ಯಾರೂ ನಿಜ ಹೇಳುವುದಿಲ್ಲ ಎಂದು ಕೊರಗಿದರೆ ಹೇಗೆ?

ಗಡಿಯಾರ ಯಾವಾಗ ಶುರು?

ಅವಧಿ ಎಷ್ಟು ಎಂಬುದರಷ್ಟೇ ಮುಖ್ಯ, ಅದು ಎಂದಿನಿಂದ ಎಂಬುದು. ನಮ್ಮ ಭಾಷೆಯಲ್ಲಿ ಇದಕ್ಕೆ ‘ಟಿ-ಝೀರೊ’. ಸಹಿಯಾದ ದಿನದಿಂದಲೋ, ಮುಂಗಡ ಹಣ ಬಂದ ದಿನದಿಂದಲೋ, ನಕ್ಷೆಗೆ ಒಪ್ಪಿಗೆ ಸಿಕ್ಕ ದಿನದಿಂದಲೋ? ಮುಂಗಡಕ್ಕೆ ಬ್ಯಾಂಕ್ ಗ್ಯಾರಂಟಿ ಕೊಡಬೇಕು. ಗ್ಯಾರಂಟಿಯ ಒಕ್ಕಣೆಯಲ್ಲಿ ಒಂದು ಪದ ಆಚೀಚೆಯಾದರೂ ವಾಪಸು. ಪೆಟ್ಟಿಗೆ ಕೂರಿಸಿ ನೋಡಲು ಸೇನೆಯವರೇ ವಾಹನ ಕಳಿಸಬೇಕು, ಅದು ಬರುವಾಗ ಬರುತ್ತದೆ. ಗಡಿಯಾರ ಮಾತ್ರ ಸಹಿಯ ದಿನದಿಂದ ಓಡುತ್ತಿರುತ್ತದೆ.

ಮನೆ ಕಟ್ಟಿಸಿದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಯುಗಾದಿಗೆ ಗೃಹಪ್ರವೇಶ ಎಂದು ಮೇಸ್ತ್ರಿ ಒಪ್ಪಿರುತ್ತಾನೆ. ಅಡುಗೆಮನೆಯ ಗ್ರಾನೈಟ್ ಯಾವುದೆಂದು ಯಜಮಾನರು ಶಿವರಾತ್ರಿಯವರೆಗೂ ತೀರ್ಮಾನಿಸಿರುವುದಿಲ್ಲ. ಯುಗಾದಿ ತಪ್ಪಿದಾಗ ಬೈಗುಳ ಮೇಸ್ತ್ರಿಗೆ. ಅವನ ಬಳಿ ಕಾಗದವಿಲ್ಲ, ಆದ್ದರಿಂದ ತಲೆ ತಗ್ಗಿಸುತ್ತಾನೆ. ಕರಾರು ನಿರ್ವಹಣೆಯ ಅರ್ಧ ಕೆಲಸ ಆ ಕಾಗದವನ್ನು ಹುಟ್ಟಿಸುವುದೇ. ‘ಒಪ್ಪಿಗೆ ಇಂಥ ದಿನ ಕೇಳಿದೆವು, ಇಂಥ ದಿನ ಸಿಕ್ಕಿತು, ನಡುವಿನ ದಿನಗಳು ನಮ್ಮ ಲೆಕ್ಕಕ್ಕಲ್ಲ’ ಎಂದು ಅಂದಂದೇ ವಿನಯದಿಂದ ಪತ್ರ ಬರೆದಿಡಬೇಕು. ಜಗಳಕ್ಕಲ್ಲ, ಲೆಕ್ಕಕ್ಕೆ.

ಕೊಳ್ಳುವವರ ಕಡೆಯೂ ಹುಷಾರಿದೆ. ಅವಧಿ ವಿಸ್ತರಿಸುವ ಪತ್ರದಲ್ಲಿ ‘ದಂಡದ ಹಕ್ಕನ್ನು ಕಾಯ್ದಿರಿಸಿಕೊಂಡು’ ಎಂಬ ಸಾಲು ತಪ್ಪದೆ ಇರುತ್ತದೆ. 1872ರ ಭಾರತೀಯ ಕರಾರು ಕಾಯ್ದೆಯ 55ನೇ ಸೆಕ್ಷನ್ ಇದಕ್ಕೆ ಕಾರಣ. ವೇಳೆಯೇ ಮುಖ್ಯವಾದ ಕರಾರಿನಲ್ಲಿ, ತಡವಾಗಿ ಬಂದ ಮಾಲನ್ನು ಹಾಗೆ ತಿಳಿಸದೆ ಒಪ್ಪಿಕೊಂಡರೆ ಆಮೇಲೆ ಪರಿಹಾರ ಕೇಳುವಂತಿಲ್ಲ.

ಅತ್ತೆಯ ಕೋಪ, ಕೊತ್ತಿಯ ಬೆನ್ನು

ದಂಡದ ಬಗ್ಗೆ ನ್ಯಾಯಾಲಯದ ನಿಲುವು ಗಟ್ಟಿಯಾಗಿದೆ. ಒಎನ್‌ಜಿಸಿಗೆ ಕೊಳವೆ ಕೊಡಬೇಕಿದ್ದ ಸಾ ಪೈಪ್ಸ್ ಕಂಪನಿಗೆ ಯುರೋಪಿನ ಉಕ್ಕಿನ ಕಾರ್ಖಾನೆಗಳ ಮುಷ್ಕರದಿಂದ ಕಚ್ಚಾಮಾಲು ಬರಲಿಲ್ಲ. ಮಾಲು ತಡವಾಯಿತು, ಒಎನ್‌ಜಿಸಿ ದಂಡ ಹಿಡಿದುಕೊಂಡಿತು. ನಷ್ಟವನ್ನು ರುಜುವಾತು ಮಾಡಿಲ್ಲ ಎಂದು ಪಂಚಾಯ್ತಿದಾರರು ಪೂರೈಕೆದಾರರ ಕಡೆ ತೀರ್ಪು ಕೊಟ್ಟರು. 2003ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿ, ಎರಡೂ ಕಡೆ ಒಪ್ಪಿ ಬರೆದ ನ್ಯಾಯವಾದ ಮೊತ್ತವನ್ನು ವಸೂಲು ಮಾಡಬಹುದು ಎಂದಿತು. ಅಂದಿನಿಂದ ನಾವು ಹೊಸಬರಿಗೆ ಹೇಳುವ ಮೊದಲ ಪಾಠ: ನಿಮ್ಮ ಪೂರೈಕೆದಾರನ ಪೂರೈಕೆದಾರನ ಊರಿನ ಮುಷ್ಕರವೂ ನಿಮ್ಮದೇ ಮುಷ್ಕರ.

ಹೀಗಾದಾಗ ದೊಡ್ಡ ಕಂಪನಿ ಏನು ಮಾಡುತ್ತದೆ? ಅತ್ತೆಯ ಮೇಲಿನ ಕೋಪವನ್ನು ಕೊತ್ತಿಯ ಮೇಲೆ ತೀರಿಸುತ್ತದೆ. ನಮ್ಮಲ್ಲಿ ಇದಕ್ಕೆ ‘ಬ್ಯಾಕ್ ಟು ಬ್ಯಾಕ್’ ಎಂಬ ಮರ್ಯಾದೆಯ ಹೆಸರಿದೆ. ಮೇಲಿನ ಕರಾರಿನ ದಂಡ, ಗ್ಯಾರಂಟಿ, ವಾರಂಟಿ ಎಲ್ಲವನ್ನೂ ಹಾಗೇ ಕೆಳಗಿನ ಪರ್ಚೇಸ್ ಆರ್ಡರಿಗೆ ಇಳಿಸುವುದು. ಹಣ ಮಾತ್ರ ‘ನಮಗೆ ಬಂದ ಮೇಲೆ ನಿಮಗೆ’. ಪೀಣ್ಯದಲ್ಲಿ ಎರಡು ಸಿಎನ್‌ಸಿ ಯಂತ್ರ ಇಟ್ಟುಕೊಂಡು ಬ್ರ್ಯಾಕೆಟ್ ಕೊರೆಯುವವನು ಅಮೆರಿಕದ ರಫ್ತು ಪರವಾನಗಿಯ ವಿಳಂಬಕ್ಕೆ ಎಲ್‌ಡಿ ಕಟ್ಟುತ್ತಾನೆ. ಕಾನೂನು ಅವನ ಪರವಾಗಿಲ್ಲ ಎನ್ನುವಂತಿಲ್ಲ. 2006ರ ಎಂಎಸ್ಎಂಇ ಕಾಯ್ದೆಯ ಪ್ರಕಾರ ಸಣ್ಣ ಪೂರೈಕೆದಾರನಿಗೆ, ಕರಾರಿನಲ್ಲಿ ಏನೇ ಬರೆದಿದ್ದರೂ, ಮಾಲು ಒಪ್ಪಿದ 45 ದಿನದೊಳಗೆ ಹಣ ಕೊಡಲೇಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ದರದ ಮೂರು ಪಟ್ಟು ಚಕ್ರಬಡ್ಡಿ. ಆದರೆ ಬಡ್ಡಿ ಕೇಳಿದವನಿಗೆ ಮುಂದಿನ ಆರ್ಡರು ಬರುತ್ತದೆಯೇ? ಅವನು ಕೇಳುವುದಿಲ್ಲ. ಬದಲಿಗೆ ಮುಂದಿನ ಸಲ ಕೊಟೇಶನ್ ಕೊಡುವಾಗ ಬೆಲೆ ಏರಿಸುತ್ತಾನೆ, ಇಲ್ಲವೇ ರಕ್ಷಣಾ ಕೆಲಸವೇ ಬೇಡವೆಂದು ಕಾರಿನ ಬಿಡಿಭಾಗಕ್ಕೆ ತಿರುಗಿಕೊಳ್ಳುತ್ತಾನೆ. ದಂಡದಿಂದ ತಾರೀಖು ಹತ್ತಿರವಾಗಲಿಲ್ಲ, ಒಬ್ಬ ಕೆಲಸಗಾರ ದೂರವಾದ.

ಸರ್ಕಾರಕ್ಕೆ ಇದು ಕಾಣದೇ ಇಲ್ಲ. ಸೇನೆಯ ದಿನನಿತ್ಯದ ಖರೀದಿಗೆ 2025ರ ನವೆಂಬರ್ 1ರಿಂದ ಜಾರಿಗೆ ಬಂದ ಹೊಸ ರಕ್ಷಣಾ ಖರೀದಿ ಕೈಪಿಡಿಯಲ್ಲಿ, ಸ್ವದೇಶೀಕರಣಕ್ಕಾಗಿ ಹೊಸದಾಗಿ ರೂಪಿಸುವ ವಸ್ತುವಿನ ಅಭಿವೃದ್ಧಿ ಹಂತದಲ್ಲಿ ದಂಡ ಹಾಕುವುದಿಲ್ಲ ಎಂದಿದೆ. ಮಾದರಿ ಸಿದ್ಧವಾದ ಮೇಲೂ ದರ ಕೇವಲ 0.1 ಶೇಕಡ. ಮಿತಿ 5, ವಿಪರೀತ ತಡವಾದರೆ ಮಾತ್ರ 10. ಇದರ ಹಿಂದಿನ ವಿಚಾರ ಸರಿಯಾಗಿದೆ. ಯಾರೂ ಇನ್ನೂ ಮಾಡಿರದ ವಸ್ತುವಿನ ತಾರೀಖು ಒಂದು ಅಂದಾಜು, ಅದನ್ನು ಅಂದಾಜೆಂದೇ ಒಪ್ಪಿಕೊಳ್ಳಬೇಕು.

ಎರಡು ಆಕ್ಷೇಪ, ನಾಲ್ಕು ಸಲಹೆ

ಇಷ್ಟು ಹೇಳಿದಾಗ ಇಬ್ಬರು ಎದ್ದು ನಿಲ್ಲುತ್ತಾರೆ. ಗಡಿಯಲ್ಲಿರುವ ಯೋಧ ನಿಮ್ಮ ಹದಿನೇಳು ತಿಂಗಳನ್ನು ಕಾಯಬೇಕೆ ಎಂಬುದು ಮೊದಲ ಪ್ರಶ್ನೆ. ಅವನು ಈಗಲೂ ಕಾಯುತ್ತಿದ್ದಾನೆ. ವ್ಯತ್ಯಾಸ ಇಷ್ಟೇ: ಹದಿನೇಳೆಂದು ಮೊದಲೇ ಗೊತ್ತಿದ್ದರೆ ಹಳೆಯ ಪೆಟ್ಟಿಗೆಗಳ ರಿಪೇರಿಗೆ ಹಣ ಇಡಬಹುದು, ಬೇರೆ ಕಡೆಯಿಂದ ತಾತ್ಕಾಲಿಕವಾಗಿ ತರಬಹುದು. ಹನ್ನೆರಡೆಂದು ನಂಬಿಸಿದರೆ ಆ ಐದು ತಿಂಗಳು ಅವನ ಕೈ ಬರಿದು. ದಂಡವಿಲ್ಲದಿದ್ದರೆ ಕಂಪನಿಗಳು ಮೈಗಳ್ಳತನ ಮಾಡುವುದಿಲ್ಲವೇ ಎಂಬುದು ಎರಡನೆಯದು. ಮಾಡುತ್ತವೆ. ದಂಡ ಬೇಡವೆಂದು ನಾನು ಹೇಳುತ್ತಿಲ್ಲ. ತಡೆಯಬಲ್ಲವನ ಮೇಲೆ ದಂಡ ಹಾಕಿ, ತಡೆಯಲಾಗದವನ ಮೇಲೆ ಬೇಡ ಎನ್ನುತ್ತಿದ್ದೇನೆ.

ಹಾಗಾದರೆ ಆಗಬೇಕಾದ್ದು ಏನು? ಒಂದು, ತಾಂತ್ರಿಕ ಬಿಡ್‌ನಲ್ಲಿ ಅವಧಿಗೂ ಸಾಕ್ಷಿ ಕೇಳಬೇಕು. ಅತಿ ಹೆಚ್ಚು ಕಾಲ ಹಿಡಿಯುವ ಐದಾರು ಬಿಡಿಭಾಗಗಳಿಗೆ ಪೂರೈಕೆದಾರರ ಲಿಖಿತ ಕೊಟೇಶನ್, ಅದರಲ್ಲಿ ಅವರ ಅವಧಿ. ಪರೀಕ್ಷೆ ಒಮ್ಮೆ ಫೇಲಾದರೆ ಎಷ್ಟು ದಿನವೆಂಬ ಲೆಕ್ಕ. ತೂಕಕ್ಕೆ ನಕ್ಷೆ ಕೇಳುವ ಸಮಿತಿಗೆ ಇದು ಹೊಸ ಹೊರೆಯೇನಲ್ಲ. ಎರಡು, ವಸ್ತುವಿನ ಜೀವವೇ ಆಗಿರುವ ಭಾಗದ ಕರಾರು, ಅಂದರೆ ಎಂಜಿನ್‌ನಂಥದ್ದು, ಮುಖ್ಯ ಕರಾರಿನ ಜೊತೆಗೇ ಅಥವಾ ಅದಕ್ಕೂ ಮೊದಲೇ ಆಗಬೇಕು. ಮೂರು, ಗಡಿಯಾರಕ್ಕೆ ಎರಡು ಮುಳ್ಳಿರಲಿ. ಕೊಳ್ಳುವವರು ಕೊಡಬೇಕಾದ ಒಪ್ಪಿಗೆ, ವಾಹನ, ಮುಂಗಡಕ್ಕೂ ಕರಾರಿನಲ್ಲೇ ದಿನ ನಿಗದಿಯಾಗಲಿ. ನಾಲ್ಕು, ಕೆಳಗಿನವರಿಗೆ ದಾಟಿಸುವ ದಂಡ ಅವರ ಕೆಲಸದ ತಡಕ್ಕೆ ಮಾತ್ರ, ಅವರ ಆರ್ಡರಿನ ಮೊತ್ತದ ಮೇಲೆ ಮಾತ್ರ ಇರಲಿ. ಇವಕ್ಕೆ ಹೊಸ ಕಾನೂನು ಬೇಕಿಲ್ಲ. ಹೊಸ ಷರತ್ತು ಬರೆಯುವ ಮನಸ್ಸು ಸಾಕು.

ಕೊನೆಯದಾಗಿ ವಿದ್ಯಾರ್ಥಿಗಳಿಗೆ. ನಿಮ್ಮಲ್ಲಿ ಕೆಲವರು ಡ್ರೋನ್ ಮಾಡುವ ಸ್ಟಾರ್ಟಪ್ ಕಟ್ಟುತ್ತೀರಿ. 2018ರಲ್ಲಿ ಶುರುವಾದ ರಕ್ಷಣಾ ಸಚಿವಾಲಯದ ಐಡೆಕ್ಸ್ ಯೋಜನೆಯಲ್ಲಿ ಮಾದರಿ ಮಾಡಲು ಒಂದೂವರೆ ಕೋಟಿವರೆಗೂ, ಪ್ರೈಮ್ ವಿಭಾಗದಲ್ಲಿ 10 ಕೋಟಿವರೆಗೂ ಅನುದಾನ ಸಿಗುತ್ತದೆ. ಅದಕ್ಕೂ ಕರಾರಿದೆ, ಹಂತಹಂತದ ತಾರೀಖಿದೆ. ಸರ್ಕ್ಯೂಟ್ ಓದಲು ಕಲಿತ ಹಾಗೆ ಷರತ್ತು ಓದಲೂ ಕಲಿಯಿರಿ, ವಕೀಲರಿಗೆ ಬಿಟ್ಟು ಕೂರಬೇಡಿ. ಅವಧಿಯ ಹಾಳೆಗೆ ನಿಮ್ಮ ಸಹಿ ಕೇಳಿದಾಗ ಆಗದ್ದಕ್ಕೆ ಆಗದು ಎಂದು ಬರೆಯಿರಿ. ಆದರೆ ಅಲ್ಲಿಗೇ ನಿಲ್ಲಿಸಬೇಡಿ. ‘12 ತಿಂಗಳಲ್ಲಿ ಎಲ್ಲವೂ ಆಗದು, 12ಕ್ಕೆ ಮೊದಲ ಹತ್ತು ಪೆಟ್ಟಿಗೆ, 17ಕ್ಕೆ ಉಳಿದದ್ದು’ ಎಂದು ಬರೆದರೆ ಅದು ನಿರಾಕರಣೆಯಲ್ಲ, ಪ್ರಸ್ತಾವ. ಓದುವ ಅಧಿಕಾರಿಗೂ ಕಡತದಲ್ಲಿ ಏನಾದರೂ ಬರೆಯಲು ಕೈಗೆ ಸಿಗುತ್ತದೆ.

ಉಳಿದ ನಮ್ಮೆಲ್ಲರ ಪಾಲಿಗೂ ಒಂದು ಕೆಲಸವಿದೆ. ಮುಂದೆ ಯಾವುದೋ ವಿಮಾನ, ಯಾವುದೋ ಹಡಗು ತಡವಾಯಿತು ಎಂಬ ಸುದ್ದಿ ಬಂದಾಗ ಕಾರ್ಖಾನೆಯವರನ್ನು ಬೈಯುವ ಮೊದಲು, ಆ ತಾರೀಖನ್ನು ಯಾವ ಆಧಾರದ ಮೇಲೆ ಬರೆದರು, ಅದನ್ನು ಯಾರು ಪರಿಶೀಲಿಸಿ ಒಪ್ಪಿದರು ಎಂದು ಕೇಳಿ. ತೆರಿಗೆ ಕಟ್ಟುವ ನಿಮಗೆ ಆ ಪ್ರಶ್ನೆಯ ಹಕ್ಕಿದೆ. ಬಿಡ್ ಬರೆದವರಿಗೂ ಬಿಡ್ ಒಪ್ಪಿದವರಿಗೂ ಉತ್ತರಿಸುವ ಬಾಧ್ಯತೆಯಿದೆ. ಆ ಪ್ರಶ್ನೆ ಬರುತ್ತದೆ ಎಂದು ಗೊತ್ತಾದರೆ ಸಾಕು, ಆ ಕೋಣೆಯಲ್ಲಿ ಹದಿನೇಳನ್ನು ಹನ್ನೆರಡು ಮಾಡುವ ಮೊದಲು ಯಾರಾದರೊಬ್ಬರು ತಡೆದು ಕೇಳುತ್ತಾರೆ.